ಕುಂಡದಲ್ಲಿ ಬೀಜ ಹುಟ್ಟದಿದ್ದರೆ, ಸಸಿ ಸೊರಗಿದರೆ: ಗೊಬ್ಬರ ಮತ್ತು ಮಣ್ಣಿನ ಮಿಶ್ರಣದ ದೋಷ ನಿವಾರಣೆ

ಕುಂಡದ ಗಿಡ ಸೊರಗಿದಾಗ ಬಹುತೇಕ ಕೈತೋಟಗಾರರು ಮೊದಲು ಮಾಡುವ ಕೆಲಸವೆಂದರೆ ಇನ್ನೊಂದು ಪೊಟ್ಟಣವನ್ನು ಬಿಚ್ಚುವುದು. ಎಲೆ ಹಳದಿಯಾದರೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಹೂವು ಉದುರಿದರೆ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಬೆಳವಣಿಗೆ ನಿಂತರೆ ಇನ್ನೊಂದು ಬೊಗಸೆ ಎರೆಗೊಬ್ಬರ, ಏನೂ ತೋಚದಿದ್ದರೆ ಒಂದು ಹಿಡಿ ಬೂದಿ ಹೀಗೆ ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಹೊಲದ ಮಣ್ಣಿನಲ್ಲಿ ಇಷ್ಟೆಲ್ಲ ಹಾಕಿದರೂ ಅದು ಆಳಕ್ಕೆ ಇಳಿದು ಹರಡಿಕೊಳ್ಳುತ್ತದೆ ಮತ್ತು ಬೇರಿಗೆ ಒಗ್ಗದ ಜಾಗವನ್ನು ಬಿಟ್ಟು ಬೇರೆಡೆಗೆ ಚಾಚಿಕೊಳ್ಳಲು ಅವಕಾಶವಿರುತ್ತದೆ. ಹತ್ತು–ಹದಿನೈದು ಲೀಟರಿನ ಕುಂಡದಲ್ಲಿ ಆ ಅವಕಾಶವಿಲ್ಲ. ಮೇಲಿನಿಂದ ಹಾಕಿದ್ದು ತಳದ ರಂಧ್ರದ ಮೂಲಕವಷ್ಟೇ ಹೊರಗೆ ಹೋಗಬೇಕು. ಆದ್ದರಿಂದ ಕುಂಡದ ತೊಂದರೆಗಳಲ್ಲಿ ಕೊರತೆಗಿಂತ ಮಿತಿಮೀರಿದ್ದರಿಂದ ಆದವೇ ಹೆಚ್ಚು ಎಂದು ಮೊದಲು ಶಂಕಿಸುವುದು ಒಳ್ಳೆಯದು.

ಈ ಕೈಪಿಡಿಯ ಭಾಗಗಳು ಯಾವ ಸಾಲಿನಲ್ಲಿದ್ದರೂ ಪರೀಕ್ಷೆಗಳನ್ನು ಮಾಡಲು ಒಂದು ಕ್ರಮವಿದೆ. ಮೊದಲು ನೀರು ಮತ್ತು ಗಾಳಿ, ಆಮೇಲೆ ಗೊಬ್ಬರ ಮಾಗಿದೆಯೇ ಎಂಬುದು, ಅದರ ನಂತರ ಲವಣ, ಕಟ್ಟಕಡೆಗೆ ಪೋಷಕಾಂಶ. ಈ ಕ್ರಮವನ್ನು ತಲೆಕೆಳಗು ಮಾಡಿದರೆ, ಬೇರು ಕೊಳೆತು ಹಳದಿಯಾದ ಗಿಡಕ್ಕೆ ಸಾರಜನಕ ಕೊಟ್ಟು ಅದನ್ನು ಇನ್ನಷ್ಟು ಬೇಗ ಕಳೆದುಕೊಳ್ಳುತ್ತೇವೆ. ಅಳತೆ ಮತ್ತು ಉದಾಹರಣೆಗಳನ್ನು ಬೆಂಗಳೂರು, ತುಮಕೂರು, ಮೈಸೂರು ಕಡೆಯ ಕೆಂಪು ಮಣ್ಣು ಮತ್ತು ಕೊಳವೆಬಾವಿಯ ನೀರನ್ನು ಮನಸ್ಸಿನಲ್ಲಿಟ್ಟು ಕೊಡಲಾಗಿದೆ. ಕರಾವಳಿಗೂ ಉತ್ತರ ಕರ್ನಾಟಕದ ಎರೆ ಮಣ್ಣಿಗೂ ಎಲ್ಲಿ ವ್ಯತ್ಯಾಸವಾಗುತ್ತದೋ ಅಲ್ಲಿ ಅದನ್ನು ಹೇಳಿದೆ.

ಬಿತ್ತಿದ ಬೀಜ ಮೇಲೆ ಬಾರದಿದ್ದರೆ

ಮೊದಲು ಆ ಬೀಜಕ್ಕೆ ಬೇಕಾದಷ್ಟು ದಿನ ಕಾದಿದ್ದೀರಾ ಎಂಬುದನ್ನು ಖಚಿತಪಡಿಸಿಕೊಳ್ಳಿ. ದಂಟು, ಮೆಂತ್ಯ ಮೂರರಿಂದ ಐದು ದಿನಗಳಲ್ಲಿ ಕಾಣಿಸಿಕೊಂಡರೆ ಟೊಮೆಟೊ ಸುಮಾರು ಒಂದು ವಾರ, ಬದನೆ 7–10 ದಿನ, ಮೆಣಸಿನಕಾಯಿ 8–12 ದಿನ, ಕೊತ್ತಂಬರಿ 10–15 ದಿನ ತೆಗೆದುಕೊಳ್ಳುತ್ತವೆ. ಡಿಸೆಂಬರ್–ಜನವರಿಯಲ್ಲಿ ಬೆಂಗಳೂರಿನ ರಾತ್ರಿಯ ಉಷ್ಣಾಂಶ 15–16 ಡಿಗ್ರಿಗೆ ಇಳಿಯುವುದರಿಂದ, 25–30 ಡಿಗ್ರಿಯ ಬಿಸುಪನ್ನು ಬಯಸುವ ಮೆಣಸಿನಕಾಯಿ ಆಗ ಇನ್ನೂ ತಡವಾಗುವುದು ಸಹಜ. ಇದರಲ್ಲಿ ಗೊಬ್ಬರದ ದೋಷವೇನೂ ಇಲ್ಲ. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜಗಳಿರುತ್ತವೆ, ಅಂಗೈಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತಬೇಕು.

ದಿನ ಕಳೆದರೂ ಏನೂ ಕಾಣದಿದ್ದರೆ ಬೀಜವನ್ನು ಅಗೆದು ನೋಡುವುದೇ ಅತ್ಯುತ್ತಮ ಪರೀಕ್ಷೆ. ಅನೇಕರು ಇದಕ್ಕೆ ಹಿಂಜರಿಯುತ್ತಾರೆ, ಆದರೆ ಮೂರು–ನಾಲ್ಕು ಬೀಜಗಳನ್ನು ಕಳೆದುಕೊಂಡು ಪಡೆಯುವ ಮಾಹಿತಿ ಬಹಳ ಬೆಲೆಬಾಳುತ್ತದೆ. ಬಿತ್ತಿದ ಜಾಗದ ಮಿಶ್ರಣವನ್ನು ಚಮಚದಲ್ಲಿ ಎತ್ತಿ ಬಿಳಿ ತಟ್ಟೆಯ ಮೇಲೆ ಹರಡಿ, ಬೀಜ ಸಿಕ್ಕಿದ ಮೇಲೆ ಉಗುರಿನಿಂದ ಒತ್ತಿ ನೋಡಿ. ಬೀಜ ಬಿತ್ತಿದಾಗ ಹೇಗಿತ್ತೋ ಹಾಗೆಯೇ ಗಟ್ಟಿಯಾಗಿದ್ದರೆ ಅದಕ್ಕೆ ನೀರೇ ಮುಟ್ಟಿಲ್ಲ: ಮಿಶ್ರಣ ತೀರ ಒರಟಾಗಿ ಬೀಜದ ಸುತ್ತ ಪೊಳ್ಳು ಉಳಿದಿರಬಹುದು, ಇಲ್ಲವೇ ಮೇಲ್ಪದರ ಮಧ್ಯಾಹ್ನದ ಬಿಸಿಲಿಗೆ ಪ್ರತಿದಿನ ಒಣಗುತ್ತಿರಬಹುದು. ಬೀಜ ಉಬ್ಬಿದೆ, ಒಳಗೆ ಬಿಳಿಯಾಗಿ ಗಟ್ಟಿಯಾಗಿಯೇ ಇದೆ, ಆದರೆ ಮೊಳಕೆ ಒಡೆದಿಲ್ಲ ಎಂದಾದರೆ ಚಳಿ, ಹಳೆಯ ಬೀಜ ಅಥವಾ ಲವಣ ಈ ಮೂರರಲ್ಲಿ ಒಂದು ಕಾರಣ. ಮೊಳಕೆ ಬಂದು, ಬೇರಿನ ತುದಿ ಮಾತ್ರ ಕಂದಾಗಿ ಮುಂದೆ ಬೆಳೆಯದೆ ನಿಂತಿದ್ದರೆ ಅದು ಮಾಗದ ಗೊಬ್ಬರದ ಅಮೋನಿಯ ಅಥವಾ ಹೆಚ್ಚಿದ ಲವಣದ ಸ್ಪಷ್ಟ ಗುರುತು. ಒತ್ತಿದಾಗ ಬೀಜ ಪಿಚ್ಚೆಂದು ಮೆತ್ತಗೆ ಒಡೆದರೆ ಮಣ್ಣಿನೊಳಗೇ ಕೊಳೆತಿದೆ, ಅಂದರೆ ನೀರು ಹೆಚ್ಚಾಗಿದೆ ಅಥವಾ ಆಳಕ್ಕೆ ಬಿತ್ತಲಾಗಿದೆ. ಬೀಜದ ದಪ್ಪದ ಎರಡು–ಮೂರು ಪಟ್ಟು ಆಳ ಸಾಕು; ದಂಟಿನಂಥ ಸಣ್ಣ ಬೀಜದ ಮೇಲೆ ತೆಳುವಾಗಿ ಜರಡಿ ಹಿಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉದುರಿಸಿದರೆ ಆಯಿತು.

ಇನ್ನು ಹುಡುಕಿದರೂ ಬೀಜವೇ ಸಿಗದಿದ್ದರೆ ಇರುವೆ ಹೊತ್ತೊಯ್ದಿರುವ ಸಾಧ್ಯತೆ ಹೆಚ್ಚು. ಸೊಪ್ಪಿನ ಬೀಜ ಬಿತ್ತುವಾಗ ಹಳಬರು ರವೆ ಬೆರೆಸುತ್ತಿದ್ದುದು, ಇರುವೆ ಬೀಜ ಬಿಟ್ಟು ರವೆಯನ್ನು ಹೊತ್ತೊಯ್ಯಲಿ ಎಂದೇ. ಕಡಲೆಕಾಯಿ ಹಿಂಡಿ, ಸಕ್ಕರೆ ಸೇರಿದ ಚಹಾದ ಚರಟ ಮುಂತಾದವನ್ನು ಬಿತ್ತನೆಯ ಮಿಶ್ರಣಕ್ಕೆ ಸೇರಿಸಿದ್ದರೆ ಇರುವೆಯನ್ನು ನಾವೇ ಕರೆದಂತಾಗುತ್ತದೆ.

ಬಿತ್ತನೆಗೆ ಬೇಕಾದ ಮಿಶ್ರಣ ಬೇರೆ, ಕುಂಡಕ್ಕೆ ಬೇಕಾದದ್ದು ಬೇರೆ

ಮೇಲಿನ ಲಕ್ಷಣಗಳಲ್ಲಿ ಅರ್ಧದಷ್ಟು ಒಂದೇ ಮೂಲದಿಂದ ಬರುತ್ತವೆ: ದೊಡ್ಡ ಗಿಡಕ್ಕೆಂದು ಮಾಡಿದ ಗೊಬ್ಬರಭರಿತ ಮಿಶ್ರಣದಲ್ಲೇ ಬೀಜವನ್ನೂ ಬಿತ್ತುವುದು. ಮೊಳಕೆಗೆ ಬೇಕಾದ ಆಹಾರ ಬೀಜದೊಳಗೇ ಇರುತ್ತದೆ. ಮೊದಲ ನಿಜವಾದ ಎಲೆ ಬಿಡುವವರೆಗೆ ಅದು ಹೊರಗಿನಿಂದ ಕೇಳುವುದು ತೇವ, ಗಾಳಿ ಮತ್ತು ಬಿಸುಪು ಮಾತ್ರ. ನಮ್ಮ ರಾಜ್ಯದ ತರಕಾರಿ ನರ್ಸರಿಗಳಲ್ಲಿ 98 ಕುಳಿಗಳ ಪ್ರೋಟ್ರೇಗಳಿಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆಗಳಿಗೆ) ಕೋಕೋಪೀಟ್ ತುಂಬಿ ಬಿತ್ತಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಹೊದಿಸಿ ಮೊಳಕೆ ಬರುವವರೆಗೆ ಇಡುವ ಪದ್ಧತಿಯಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಸಿ ನಾರಿನ ಪುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ತಯಾರಿಸುವ ಅರ್ಕಾ ಫರ್ಮೆಂಟೆಡ್ ಕೋಕೋಪೀಟ್ ಎಂಬ ಮಾಧ್ಯಮವನ್ನು ರೂಪಿಸಿದೆ. ಈ ನರ್ಸರಿಗಳಲ್ಲಿ ಗೊಬ್ಬರ ಕೊಡುವುದು ಸಸಿ ಎದ್ದು ನಿಂತ ಮೇಲೆ, ಅದೂ ನೀರಿನಲ್ಲಿ ಕರಗಿಸಿ.

ಮನೆಯ ಮಟ್ಟಕ್ಕೆ ನಾನು ಸೂಚಿಸುವ ಬಿತ್ತನೆ ಮಿಶ್ರಣ ಹೀಗಿದೆ: ಚೆನ್ನಾಗಿ ತೊಳೆದ ಕೋಕೋಪೀಟ್ ಮೂರು ಪಾಲು, ಒರಟು ಮರಳು ಅಥವಾ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಕಾಳು) ಒಂದು ಪಾಲು, ಜರಡಿ ಹಿಡಿದ ಹಳೆಯ ಎರೆಗೊಬ್ಬರ ಅರ್ಧದಿಂದ ಒಂದು ಪಾಲು. ಬೇವಿನ ಹಿಂಡಿ, ಹೊಂಗೆ ಹಿಂಡಿ, ಬೂದಿ, ಮೂಳೆ ಹಿಟ್ಟು ಯಾವುದೂ ಇದರಲ್ಲಿ ಇರಬಾರದು. ಹಸಿಯಾದ ಕಾಫಿ ಚರಟವೂ ಬೇಡ. ಅದು ಮೊಳಕೆಯನ್ನು ಕುಂಠಿತಗೊಳಿಸುತ್ತದೆ, ಕಾಂಪೋಸ್ಟ್ ರಾಶಿಗೆ ಸೇರಿ ಪೂರ್ತಿ ಕೊಳೆತ ಮೇಲಷ್ಟೇ ಕುಂಡಕ್ಕೆ ಬರಬೇಕು.

ಹುಟ್ಟಿದ ಸಸಿ ಬುಡದಲ್ಲಿ ಮಡಿದು ಬಿದ್ದರೆ

ನಿನ್ನೆ ಸಂಜೆ ನೆಟ್ಟಗಿದ್ದ ಟೊಮೆಟೊ ಸಸಿ ಬೆಳಿಗ್ಗೆ ಅಡ್ಡಬಿದ್ದಿರುತ್ತದೆ. ಬೀಜದಳಗಳು ಇನ್ನೂ ಹಸಿರಾಗಿಯೇ ಇರುತ್ತವೆ, ಆದರೆ ಕಾಂಡವು ಮಣ್ಣನ್ನು ಮುಟ್ಟುವ ಜಾಗದಲ್ಲಿ ನೀರು ತುಂಬಿದಂತಾಗಿ, ಕಂದುಗಟ್ಟಿ, ನೂಲಿನಷ್ಟು ಸಣ್ಣಗಾಗಿರುತ್ತದೆ. ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳಿಂದ ಬರುತ್ತದೆ. ಬಿದ್ದ ಸಸಿಯನ್ನು ಉಳಿಸುವ ಔಷಧವಿಲ್ಲ. ಉಳಿದವನ್ನು ಕಾಪಾಡಲು ಬಿದ್ದವುಗಳನ್ನು ಸುತ್ತಲಿನ ಮಿಶ್ರಣದೊಂದಿಗೆ ಎತ್ತಿ ಹಾಕಿ, ಎರಡು ದಿನ ನೀರು ನಿಲ್ಲಿಸಿ, ಟ್ರೇಯನ್ನು ಗಾಳಿಯಾಡುವ ಜಾಗಕ್ಕೆ ಒಯ್ಯಬೇಕು. ಸಂಜೆ ನೀರು ಹಾಕುವ ರೂಢಿಯಿದ್ದರೆ ಅದನ್ನು ಬೆಳಗಿಗೆ ಬದಲಿಸಬೇಕು, ಏಕೆಂದರೆ ರಾತ್ರಿಯಿಡೀ ಒದ್ದೆಯಾಗಿರುವ ಮೇಲ್ಪದರವೇ ಈ ರೋಗಕ್ಕೆ ಹಾದಿ.

ರೋಗಕಾರಕ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರವಾದ ಟ್ರೈಕೋಡರ್ಮವನ್ನು ಇಲ್ಲಿ ಎಲ್ಲರೂ ಸೂಚಿಸುತ್ತಾರೆ, ಅದರಿಂದ ಪ್ರಯೋಜನವೂ ಇದೆ. ಆದರೆ ಅದು ಮುಂಚಿತವಾಗಿ ನೆಲೆಯೂರಿ ರಕ್ಷಿಸುವ ಜೀವಿಯೇ ಹೊರತು ರೋಗ ಬಂದ ಮೇಲೆ ಸುರಿಯುವ ಔಷಧವಲ್ಲ. ಬಿತ್ತುವ ಮೊದಲೇ ಹದವಾದ ತೇವದ ಎರೆಗೊಬ್ಬರಕ್ಕೆ ಬೆರೆಸಿ ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಮಿಶ್ರಣಕ್ಕೆ ಸೇರಿಸಿದರೆ ಅದು ಕೆಲಸ ಮಾಡುತ್ತದೆ. ಪೊಟ್ಟಣದ ಮೇಲಿನ ಅವಧಿ ಮುಗಿದಿದ್ದರೆ, ಅಥವಾ ಅಂಗಡಿಯಲ್ಲಿ ಬಿಸಿಲಿಗೆ ಇಟ್ಟಿದ್ದರೆ ಅದರಲ್ಲಿ ಜೀವ ಉಳಿದಿರುವ ಭರವಸೆ ಕಡಿಮೆ.

ಗೊಬ್ಬರ ಮಾಗಿದೆಯೇ ಎಂದು ತಿಳಿಯುವ ಬಗೆ

ಬಣ್ಣ ಕಪ್ಪಾಗಿದೆ, ಪುಡಿಪುಡಿಯಾಗಿದೆ ಎಂಬುದು ಸಾಕ್ಷಿಯಾಗದು. ಮನೆಯಲ್ಲೇ ಮಾಡುವ ಅಡಿಗೆಮನೆ ಕಾಂಪೋಸ್ಟ್ ನೋಡಲು ಸಿದ್ಧವಾದಂತೆ ಕಂಡರೂ ಒಳಗೆ ಇನ್ನೂ ಕೊಳೆಯುತ್ತಿರಬಹುದು. ಸಿದ್ಧವಾದ ಕಾಂಪೋಸ್ಟ್‌ನಲ್ಲಿ ಇಂಗಾಲ–ಸಾರಜನಕದ ಅನುಪಾತ 20ಕ್ಕಿಂತ ಕೆಳಗಿರಬೇಕೆಂದು ನಮ್ಮ ದೇಶದ 1985ರ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟ್‌ಗೆ (ಊರಿನ ಕಸದಿಂದ ಮಾಡುವ ಗೊಬ್ಬರಕ್ಕೆ) ಮಾನದಂಡವಿಟ್ಟಿದೆ. ಮನೆಯಲ್ಲಿ ಅದನ್ನು ಅಳೆಯಲಾಗುವುದಿಲ್ಲವಾದರೂ ಎರಡು ಸರಳ ಪರೀಕ್ಷೆಗಳು ಅಷ್ಟೇ ನೇರವಾಗಿ ಉತ್ತರಿಸುತ್ತವೆ.

ಮೊದಲನೆಯದು ಚೀಲದ ಪರೀಕ್ಷೆ. ಎರಡು ಹಿಡಿ ಗೊಬ್ಬರವನ್ನು, ಹಿಂಡಿದರೆ ಉಂಡೆ ಕಟ್ಟುವಷ್ಟು ಆದರೆ ನೀರು ತೊಟ್ಟಿಕ್ಕದಷ್ಟು ಹದಕ್ಕೆ ತೇವ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ನೆರಳಿನಲ್ಲಿ ಐದರಿಂದ ಏಳು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಗೊಬ್ಬರ ಮಾಗಿದೆ. ಮೂಗಿಗೆ ಚುಚ್ಚುವ ಅಮೋನಿಯ ಬಂದರೆ ಸಾರಜನಕ ಇನ್ನೂ ಹಾರುತ್ತಿದೆ. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಗಾಳಿಯಿಲ್ಲದೆ ಕೊಳೆತಿದೆ. ಇಂಥದ್ದನ್ನು ಒಣ ಎಲೆ ಬೆರೆಸಿ, ವಾರಕ್ಕೊಮ್ಮೆ ತಿರುವಿ ಹಾಕುತ್ತ ಇನ್ನೊಂದು ತಿಂಗಳು ಬಿಡಬೇಕು.

ಎರಡನೆಯದು ಮೊಳಕೆಯ ಪರೀಕ್ಷೆ. ಒಂದನ್ನೇ ಮಾಡಲು ಮನಸ್ಸಿದ್ದವರು ಇದನ್ನು ಮಾಡಬೇಕೆಂಬುದು ನನ್ನ ಒತ್ತಾಯ. ಮೂರು ಕಪ್‌ಗಳ ತಳಕ್ಕೆ ರಂಧ್ರ ಕೊರೆಯಿರಿ. ಒಂದಕ್ಕೆ ತೊಳೆದ ಮರಳು, ಇನ್ನೊಂದಕ್ಕೆ ಮರಳು ಮತ್ತು ಶಂಕಿತ ಗೊಬ್ಬರ ಸಮಪಾಲು, ಮೂರನೆಯದಕ್ಕೆ ನೀವು ಬಳಸುತ್ತಿರುವ ಮಿಶ್ರಣವನ್ನೇ ತುಂಬಿ, ಪ್ರತಿಯೊಂದರಲ್ಲೂ ಇಪ್ಪತ್ತು ಸಾಸಿವೆ ಅಥವಾ ಮೆಂತ್ಯದ ಕಾಳು ಹಾಕಿ. ಅಡಿಗೆಮನೆಯ ಡಬ್ಬಿಯ ಹೊಸ ಕಾಳೇ ಸಾಕು. ಒಂದೇ ಜಾಗದಲ್ಲಿಟ್ಟು ಒಂದೇ ಪ್ರಮಾಣದಲ್ಲಿ ನೀರು ಕೊಟ್ಟು ಏಳನೆಯ ದಿನ ಕಿತ್ತು ಬೇರಿನ ಉದ್ದವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂರರಲ್ಲೂ ಮೊಳಕೆ ಕಡಿಮೆಯಾದರೆ ದೋಷ ಬೀಜದ್ದು ಅಥವಾ ನೀರಿನದು. ಮರಳಿನಲ್ಲಿ ಚೆನ್ನಾಗಿ ಬಂದು ಗೊಬ್ಬರದ ಕಪ್‌ನಲ್ಲಿ ಬೇರು ಮೊಂಡಾಗಿ ಕಂದಾಗಿದ್ದರೆ ಗೊಬ್ಬರವೇ ಕಾರಣ. ಗೊಬ್ಬರದ ಕಪ್‌ನಲ್ಲೂ ಚೆನ್ನಾಗಿದ್ದು ಮಿಶ್ರಣದಲ್ಲಿ ಮಾತ್ರ ಕೆಟ್ಟಿದ್ದರೆ, ಮಿಶ್ರಣಕ್ಕೆ ಹಾಕಿದ ಬೇರೆ ಯಾವುದೋ ವಸ್ತುವನ್ನು ಹುಡುಕಬೇಕು. ಹೆಚ್ಚಿನ ಸಲ ಅದು ತೊಳೆಯದ ಕೋಕೋಪೀಟ್ ಅಥವಾ ಹಿಂಡಿಯಾಗಿರುತ್ತದೆ.

ಕೊಟ್ಟಿಗೆ ಗೊಬ್ಬರಕ್ಕೆ ಇನ್ನೊಂದು ಪರಿಶೀಲನೆಯಿದೆ. ತಿಪ್ಪೆಯಿಂದ ತಂದ ಗೊಬ್ಬರವನ್ನು ಹಾಳೆಯ ಮೇಲೆ ಹರಡಿ ಕೈಯಾಡಿಸಿದರೆ ಬೆಳ್ಳಗೆ ಕೊಕ್ಕೆಯಾಕಾರದಲ್ಲಿ ಸುರುಟಿಕೊಂಡ, ಕಂದು ತಲೆಯ ಗೊಣ್ಣೆ ಹುಳುಗಳು ಸಿಗಬಹುದು. ಇವುಗಳಲ್ಲಿ ಕೆಲವು ಜಾತಿಗಳು ಕುಂಡಕ್ಕೆ ಸೇರಿದರೆ ಬೇರನ್ನೇ ತಿಂದುಬಿಡುತ್ತವೆ. ಗಿಡ ಒಂದೇ ದಿನದಲ್ಲಿ ಬಾಡಿ, ಹಿಡಿದೆಳೆದರೆ ಬೇರಿಲ್ಲದೆ ಕೈಗೆ ಬರುತ್ತದೆ. ಆರಿಸಿ ತೆಗೆದು ಜರಡಿ ಹಿಡಿದೇ ಬಳಸಬೇಕು.

ಹಿಂಡಿಗಳ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಬೇವು, ಹೊಂಗೆ, ಹರಳು ಹಿಂಡಿಗಳು ಕೊಳೆಯದ ಕಚ್ಚಾ ವಸ್ತುಗಳು. ಒದ್ದೆಯಾದೊಡನೆ ಕೊಳೆಯತೊಡಗಿ ಬಿಸಿಯೇರಿ ಅಮೋನಿಯ ಬಿಡುತ್ತವೆ. ಮಿಶ್ರಣಕ್ಕೆ ಬೆರೆಸಿ, ತೇವ ಮಾಡಿ, ಕನಿಷ್ಠ ಎರಡು ವಾರ ಬಿಟ್ಟು ಆಮೇಲೆ ಸಸಿ ನೆಡುವುದು ಕ್ಷೇಮ.

ಕೋಕೋಪೀಟ್ ಮತ್ತು ಲವಣ

ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ ಮತ್ತು ಕ್ಲೋರೈಡ್ ಸ್ವಾಭಾವಿಕವಾಗಿಯೇ ಹೆಚ್ಚು. ಸಿಪ್ಪೆಯನ್ನು ಹಿನ್ನೀರಿನ ಉಪ್ಪುನೀರಿನಲ್ಲಿ ನೆನೆಹಾಕಿದ್ದರೆ ಇನ್ನೂ ಹೆಚ್ಚು. ತೊಳೆಯದೆ ಒತ್ತಿ ಮಾಡಿದ ಇಟ್ಟಿಗೆಯನ್ನು ನೆನೆಸಿ ನೇರವಾಗಿ ಬಿತ್ತಿದರೆ ಬೀಜ ಉಬ್ಬಿ ನಿಂತುಬಿಡುತ್ತದೆ, ಸಸಿಯ ಎಲೆಯಂಚು ಸುಡುತ್ತದೆ. ಐದು ಕಿಲೋ ಇಟ್ಟಿಗೆ ನೆನೆದಾಗ 60–75 ಲೀಟರಿನಷ್ಟು ಉಬ್ಬುವುದರಿಂದ ದೊಡ್ಡ ಟಬ್ಬಿನಲ್ಲಿ ನೆನೆಸಿ, ಗೋಣಿಚೀಲಕ್ಕೆ ತುಂಬಿ, ಮೇಲಿನಿಂದ ನೀರು ಸುರಿದು ಬಸಿಯಬೇಕು. ಬಸಿದ ನೀರು ಮೊದಲು ಕಡು ಚಹಾದ ಬಣ್ಣದಲ್ಲಿರುತ್ತದೆ, ಆದರೆ ಬಣ್ಣ ತಿಳಿಯಾದುದನ್ನೇ ನಂಬದೆ, ಕುಡಿಯುವ ನೀರಿಗೆ ಬಳಸುವ ಟಿ.ಡಿ.ಎಸ್. (ಕರಗಿದ ಲವಣದ ಅಳತೆ) ಮೀಟರಿನಿಂದ ಅಳೆಯಿರಿ. ಬಸಿದ ನೀರಿನ ಅಂಕಿ ನಲ್ಲಿ ನೀರಿನ ಅಂಕಿಯ ಹತ್ತಿರಕ್ಕೆ ಬರುವವರೆಗೆ ತೊಳೆಯುವುದು ಮುಂದುವರಿಯಲಿ. ಕೊಳ್ಳುವಾಗ ಪೊಟ್ಟಣದ ಮೇಲೆ ತೊಳೆದದ್ದು ಅಥವಾ ಕಡಿಮೆ ಇ.ಸಿ. (ವಿದ್ಯುತ್ ವಾಹಕತೆ; ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಎಂದು ಬರೆದಿದ್ದರೂ ಒಮ್ಮೆ ಅಳೆದು ನೋಡುವುದರಲ್ಲಿ ನಷ್ಟವಿಲ್ಲ.

ತೊಳೆದ ಮೇಲೂ ಒಂದು ಮಾತು ಉಳಿಯುತ್ತದೆ. ನಾರಿನ ಕಣಗಳಿಗೆ ಅಂಟಿದ ಪೊಟ್ಯಾಸಿಯಂ, ಸೋಡಿಯಂ ಬರಿಯ ನೀರಿಗೆ ಪೂರ್ತಿ ಬಿಡುವುದಿಲ್ಲ. ಅವುಗಳ ಜಾಗದಲ್ಲಿ ಕ್ಯಾಲ್ಸಿಯಂ ಕೂರಬೇಕು. ಅದಕ್ಕೇ ವೃತ್ತಿಪರ ಬೆಳೆಗಾರರು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಮತ್ತೆ ತೊಳೆಯುತ್ತಾರೆ. ಬರೀ ಕೋಕೋಪೀಟ್‌ನಲ್ಲಿ ಬೆಳೆದ ಟೊಮೆಟೊ ಹಣ್ಣಿನ ತುದಿ ಕಪ್ಪಾಗಿ ಕುಸಿಯುವುದರ ಹಿಂದೆ ಈ ಕ್ಯಾಲ್ಸಿಯಂ ಕೊರತೆಯೂ, ಒಮ್ಮೆ ಒಣಗಿಸಿ ಒಮ್ಮೆ ತುಂಬಿಸುವ ನೀರಿನ ಏರುಪೇರೂ ಒಟ್ಟಾಗಿ ಇರುತ್ತವೆ. ಮೊಟ್ಟೆಯ ಚಿಪ್ಪಿನ ಪುಡಿ ಈ ಬೆಳೆಗೆ ಸಹಾಯವಾಗುವಷ್ಟು ಬೇಗ ಕರಗುವುದಿಲ್ಲ.

ಈಗಾಗಲೇ ಗಿಡವಿರುವ ಕುಂಡದಲ್ಲಿ ಲವಣದ ಶಂಕೆ ಬಂದರೆ ಮೊದಲು ಸರಿಯಾಗಿ ನೀರುಣಿಸಿ, ಒಂದು ಗಂಟೆ ಬಿಟ್ಟು, ಮತ್ತೆ ಒಂದು ಲೋಟ ನೀರನ್ನು ನಿಧಾನವಾಗಿ ಹಾಕಿ ತಳದಿಂದ ಬಂದ ಮೊದಲ ನೀರನ್ನು ಅಳೆಯಿರಿ. ಎಳೆಯ ಸಸಿಗಳಿದ್ದಾಗ ಈ ನೀರು 1000 ಪಿ.ಪಿ.ಎಂ. (ಹತ್ತು ಲಕ್ಷದಲ್ಲಿ ಇಷ್ಟು ಪಾಲು; ಮೀಟರ್ ತೋರಿಸುವ ಅಂಕಿ) ದಾಟಿದರೆ ಶಂಕೆ ಬಲವಾಗುತ್ತದೆ. ಆದರೆ ಕೊಳವೆಬಾವಿಯ ನೀರೇ 800 ತೋರಿಸುತ್ತಿದ್ದರೆ ಗೊಬ್ಬರವನ್ನು ದೂರುವಂತಿಲ್ಲ; ಬಿತ್ತನೆಯ ಹಂತಕ್ಕಾದರೂ ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರನ್ನು ಬಳಸಬೇಕು. ಕುಂಡದ ಅಂಚಿನಲ್ಲಿ ಬಿಳಿಯ ಹರಳುಗಟ್ಟುವುದು ಇದರ ಹೊರಗುರುತು. ಪರಿಹಾರವಾಗಿ ಕುಂಡದ ಗಾತ್ರದ ಎರಡು–ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ಲವಣ ತೊಳೆದು, ಎರಡು ವಾರ ಯಾವ ಗೊಬ್ಬರವನ್ನೂ ಕೊಡದೆ ಬಿಡಿ. ಮೇಲೆ ಹೇಳಿದ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟ್‌ನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್‌ವರೆಗೂ ಇರಬಹುದು. ಹೊಲಕ್ಕೆ ಹರಡುವ ಗೊಬ್ಬರಕ್ಕೆ ಅದು ಸರಿಯೇ. ಅದರಲ್ಲೇ ನೇರವಾಗಿ ಬೀಜ ಬಿತ್ತಲು ಅಷ್ಟು ಲವಣ ಬಹಳವಾಯಿತು. ಮಾನದಂಡಕ್ಕೆ ಒಪ್ಪುವ ಗೊಬ್ಬರವೂ ಬಿತ್ತನೆಗೆ ಸೋಲುವುದು ಹೀಗೆ.

ನೀರು ನಿಲ್ಲುವ ಕುಂಡ

ಕೋಕೋಪೀಟ್ ಹೆಚ್ಚಿರುವ ಮಿಶ್ರಣ ಒಂದು ವಿಷಯದಲ್ಲಿ ಕಣ್ಣಿಗೆ ಮೋಸ ಮಾಡುತ್ತದೆ. ಮೇಲ್ಪದರ ಬೇಗ ಒಣಗಿ ತಿಳಿಕಂದು ಬಣ್ಣಕ್ಕೆ ತಿರುಗಿದರೂ ಎರಡು ಬೆರಳಿನ ಆಳದಲ್ಲಿ ಹಿಂಡಿದರೆ ನೀರು ಬರುವಷ್ಟು ತೇವವಿರುತ್ತದೆ. ಮೇಲೆ ನೋಡಿ ದಿನವೂ ನೀರು ಹಾಕುವವರ ಗಿಡ ಬಾಡುತ್ತದೆ; ಬಾಡಿದ್ದನ್ನು ನೋಡಿ ಅವರು ಮತ್ತೆ ನೀರು ಹಾಕುತ್ತಾರೆ. ಕುಂಡವನ್ನು ಎತ್ತಿ ಭಾರ ನೋಡುವುದೇ ನಂಬಲರ್ಹ ಪರೀಕ್ಷೆ. ಭಾರವಾಗಿದ್ದೂ ಬಾಡಿದ್ದರೆ ಗಿಡವನ್ನು ಮಣ್ಣಿನ ಸಮೇತ ಹೊರತೆಗೆದು ಬೇರು ನೋಡಿ. ಆರೋಗ್ಯವಾದ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆದರೆ ಕಂದು ಹೊರಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ತೆಳು ಎಳೆ ಮಾತ್ರ ಉಳಿಯುತ್ತದೆ.

ತಳದಲ್ಲಿ ಜಲ್ಲಿ ಅಥವಾ ಹೆಂಚಿನ ಚೂರು ಹಾಕಿದರೆ ನೀರು ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಮತ್ತು ತಪ್ಪು. ಸಣ್ಣ ಕಣಗಳ ಮಿಶ್ರಣದಿಂದ ದೊಡ್ಡ ಕಲ್ಲುಗಳ ಪದರಕ್ಕೆ ನೀರು ಸುಲಭವಾಗಿ ಇಳಿಯದೆ, ಮೇಲಿನ ಪದರ ಪೂರ್ತಿ ತುಂಬುವವರೆಗೂ ಅಲ್ಲೇ ತೂಗಿಕೊಂಡಿರುತ್ತದೆ. ಒಂದೇ ಮಿಶ್ರಣಕ್ಕೆ ಈ ನೀರು ತುಂಬಿದ ಪದರದ ಎತ್ತರ ಸುಮಾರಾಗಿ ಒಂದೇ. ಆದ್ದರಿಂದ ಜಲ್ಲಿ ಹಾಕಿದಾಗ ಆ ಪದರ ಬೇರಿನ ಕಡೆಗೆ ಮೇಲೇರುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿದು ತೊಟ್ಟಿಕ್ಕುವುದು ನಿಂತ ಮೇಲೆ, ಹಿಂಡದೆ ಉದ್ದಕ್ಕೆ ನಿಲ್ಲಿಸಿ ನೋಡಿ: ಮತ್ತೆ ನೀರು ಬರುತ್ತದೆ. ಗಿಡ್ಡ ಟ್ರೇ ಒದ್ದೆಯಾಗಿಯೇ ಇರುವುದೂ, ಎತ್ತರದ ಗ್ರೋ ಬ್ಯಾಗ್‌ನಲ್ಲಿ ಅದೇ ಮಿಶ್ರಣ ಚೆನ್ನಾಗಿ ಬಸಿಯುವುದೂ ಇದೇ ಕಾರಣಕ್ಕೆ. ಮಣ್ಣು ಸೋರದಂತೆ ರಂಧ್ರದ ಮೇಲೆ ಒಂದು ತುಂಡು ಸೊಳ್ಳೆಪರದೆ ಸಾಕು.

ಮಿಶ್ರಣದಲ್ಲಿ ಗಾಳಿಗೆ ಎಷ್ಟು ಜಾಗವಿದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ಒಂದು ಲೀಟರಿನ ಡಬ್ಬಿಯ ತಳಕ್ಕೆ ರಂಧ್ರ ಕೊರೆದು ಟೇಪಿನಿಂದ ಮುಚ್ಚಿ, ಮಿಶ್ರಣವನ್ನು ಕುಂಡಕ್ಕೆ ತುಂಬುವಂತೆಯೇ ಮಟ್ಟವಾಗಿ ತುಂಬಿ, ಮೇಲೆ ನೀರು ಮಿನುಗುವವರೆಗೆ ನಿಧಾನವಾಗಿ ತೋಯಿಸಿ ಒಂದು ಗಂಟೆ ಬಿಡಿ. ಟೇಪ್ ಕಿತ್ತು ಬಸಿದ ನೀರನ್ನು ಅಳೆಯಿರಿ. 150 ಮಿಲಿಲೀಟರ್ ಬಂದರೆ ಗಾಳಿಯ ಪಾಲು ಶೇ. 15, ಅದು ತರಕಾರಿಗೆ ಒಳ್ಳೆಯ ಹದ. ಶೇ. 10ಕ್ಕಿಂತ ಕಡಿಮೆಯಾದರೆ ಮಳೆಗಾಲದಲ್ಲಿ ಬೇರು ಕೊಳೆಯುವುದನ್ನು ನಿರೀಕ್ಷಿಸಬಹುದು, ಶೇ. 25 ದಾಟಿದರೆ ಮಾರ್ಚ್–ಏಪ್ರಿಲ್‌ನ ತಾರಸಿಯಲ್ಲಿ ದಿನಕ್ಕೆರಡು ಬಾರಿ ನೀರು ಬೇಕಾದೀತು.

ಗಾಳಿ ಕಡಿಮೆಯಿದ್ದರೆ ಏನು ಸೇರಿಸಬೇಕು ಎಂಬಲ್ಲಿ ಆಯ್ಕೆಯ ತಪ್ಪುಗಳು ಹೆಚ್ಚು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸುವ ಮರಳು) ಹಾಕುವವರು ಗಾರೆಗೆ ಬಳಸುವ ನುಣುಪಾದದ್ದನ್ನು ತಂದರೆ ಅದರ ಕಲ್ಲಿನ ದೂಳು ಇದ್ದ ರಂಧ್ರಗಳನ್ನೂ ಮುಚ್ಚಿಬಿಡುತ್ತದೆ. ಕಾಂಕ್ರೀಟಿಗೆ ಬಳಸುವ ಒರಟು ಮರಳನ್ನು ತಂದು, ದೂಳು ಹೋಗುವಂತೆ ತೊಳೆದು ಬಳಸಬೇಕು. ಸಮುದ್ರದ ಮರಳು ಬೇಡವೇ ಬೇಡ. ಪರ್ಲೈಟ್ ಹಗುರ ಮತ್ತು ಖಚಿತ, ಆದರೆ ದುಬಾರಿ. ವರ್ಮಿಕ್ಯುಲೈಟ್ ನೀರನ್ನು ಹಿಡಿದಿಡುವ ವಸ್ತು, ಬಿತ್ತನೆಗೆ ಸರಿ, ನೀರು ನಿಲ್ಲುವ ಕುಂಡಕ್ಕೆ ಪರಿಹಾರವಲ್ಲ. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಅಗ್ಗವಾಗಿ ಸಿಗುತ್ತದೆ, ನಿಧಾನವಾಗಿ ಕೊಳೆಯುತ್ತದೆ, ಗಾಳಿಯನ್ನೂ ಕೊಡುತ್ತದೆ. ನನ್ನ ಮಟ್ಟಿಗೆ ನಮ್ಮ ಭಾಗದ ತಾರಸಿ ತೋಟಗಳಲ್ಲಿ ಇದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. ಸುಟ್ಟ ಹೊಟ್ಟೂ ಒಳ್ಳೆಯದೇ, ಆದರೆ ಅದು ಕ್ಷಾರೀಯವಾದ್ದರಿಂದ ಬೂದಿ ಮಿಶ್ರವಾಗಿದ್ದರೆ ತೊಳೆದು ಬಳಸಿ.

ಮಣ್ಣು, ಕೋಕೋಪೀಟ್, ಗೊಬ್ಬರ ಸಮಪಾಲು ಎಂಬ ಸೂತ್ರ ಎಲ್ಲೆಡೆ ಕೇಳಿಬರುತ್ತದೆ. ಆ ಮೂರನೆಯ ಪಾಲು ಪೂರ್ತಿ ಎರೆಗೊಬ್ಬರವಾಗಿದ್ದರೆ ಅದು ಅತಿಯಾಯಿತು. ನುಣುಪಾದ ಎರೆಗೊಬ್ಬರ ಶೇ. 20ರ ಒಳಗಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಮೀರಿದರೆ ರಂಧ್ರ ಕಟ್ಟುತ್ತದೆ, ಲವಣ ಏರುತ್ತದೆ, ಕೆಲವೇ ತಿಂಗಳಲ್ಲಿ ಕುಂಡದ ಮಟ್ಟ ಕುಸಿಯುತ್ತದೆ. ಮಣ್ಣಿನ ವಿಷಯದಲ್ಲಿ, ನಗರದಲ್ಲಿ ಚೀಲದಲ್ಲಿ ಮಾರುವ ಕೆಂಪು ಮಣ್ಣು ಕೆಲವೊಮ್ಮೆ ಕಟ್ಟಡದ ಅಡಿಪಾಯ ತೋಡಿದ ಆಳದ ಮಣ್ಣಾಗಿರುತ್ತದೆ. ನೀರು ಬಿದ್ದು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಕುಲುಕಿಟ್ಟು ಮರುದಿನ ನೋಡಿದರೆ, ತಳದಲ್ಲಿ ಮರಳಿನ ಪದರ ಎಷ್ಟು, ಮೇಲೆ ಜೇಡಿಯ ಪದರ ಎಷ್ಟು ಎಂದು ತಿಳಿಯುತ್ತದೆ. ಎರೆ ಮಣ್ಣು ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಡುವುದರಿಂದ ಹಾಕಿದ ನೀರೆಲ್ಲ ಅಂಚಿನಿಂದ ಇಳಿದು ಹೋಗುತ್ತದೆ. ಧಾರವಾಡ, ವಿಜಯಪುರ ಕಡೆಯವರು ಅದನ್ನು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಳಸದಿರುವುದು ಒಳ್ಳೆಯದು. ಕರಾವಳಿಯಲ್ಲಿ ವರ್ಷದ ಮಳೆಯೇ ಸುಮಾರು 3500 ಮಿಲಿಮೀಟರ್ ಮುಟ್ಟುವ ಕಡೆಗಳಲ್ಲಿ ಎಷ್ಟೇ ಒಳ್ಳೆಯ ಮಿಶ್ರಣವೂ ತೆರೆದ ಜಾಗದಲ್ಲಿ ತೊಳೆದುಹೋಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಕೆಳಗಿಟ್ಟು ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಅಲ್ಲಿಯ ಜಂಬಿಟ್ಟಿಗೆ ಮಣ್ಣು ಹುಳಿಯಾದ್ದರಿಂದ ಸುಣ್ಣಕ್ಕೂ ಬೂದಿಗೂ ಅಲ್ಲಿ ಸ್ಥಾನವಿದೆ.

ಎಲೆಯ ಬಣ್ಣ ಹೇಳುವುದು

ಬೇರು ಚೆನ್ನಾಗಿದೆ, ಲವಣ ಹೆಚ್ಚಿಲ್ಲ, ಗೊಬ್ಬರ ಮಾಗಿದೆ ಎಂದು ಖಚಿತವಾದ ಮೇಲಷ್ಟೇ ಎಲೆಯನ್ನು ಓದಬೇಕು. ಕೆಳಗಿನ ಹಳೆಯ ಎಲೆಗಳು ಇಡಿಯಾಗಿ ಹಳದಿಯಾದರೆ ಸಾರಜನಕ ಸಾಲದು. ಹಸಿ ನಾರಿನ ಪುಡಿ ಅಥವಾ ಮರದ ಹೊಟ್ಟು ಸೇರಿದ ಮಿಶ್ರಣದಲ್ಲಿ ಇದು ಸಾಮಾನ್ಯ, ಏಕೆಂದರೆ ಅವುಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಸಾರಜನಕವನ್ನು ಬಳಸಿಕೊಳ್ಳುತ್ತವೆ. ಹಳೆಯ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ, ಎಪ್ಸಮ್ ಉಪ್ಪಿಗೆ ಕೆಲಸವಿರುವುದು ಇಲ್ಲಿ ಮಾತ್ರ. ಅದೇ ಲಕ್ಷಣ ತುದಿಯ ಹೊಸ ಎಲೆಯಲ್ಲಿ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಡಸು ನೀರು ಮತ್ತು ಬೂದಿ ರಸಸಾರವನ್ನು (ಪಿ.ಎಚ್., ಹುಳಿ–ಕ್ಷಾರದ ಅಳತೆ) ಏರಿಸಿ ಅದನ್ನು ಬೇರಿಗೆ ಸಿಗದಂತೆ ಮಾಡಿರುತ್ತವೆ. ಬೂದಿ ನಿಲ್ಲಿಸಿ, ಕೀಲೇಟ್ ರೂಪದ (ಗಿಡಕ್ಕೆ ಸುಲಭವಾಗಿ ಸಿಗುವ) ಕಬ್ಬಿಣವನ್ನು ಎಲೆಗೆ ಸಿಂಪಡಿಸಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ.

ಗೊಬ್ಬರದ ಮೇಲೆ ಬೆಳೆಯುವ ಬಿಳಿ ಬೂಸ್ಟು, ಮಳೆಗಾಲದ ಹಳದಿ ಅಣಬೆ ಗಿಡಕ್ಕೆ ಹಾನಿ ಮಾಡುವುದಿಲ್ಲ. ಅಣಬೆಯನ್ನು ಮಕ್ಕಳ ಕೈಗೆ ಸಿಗದಂತೆ ಕಿತ್ತರೆ ಸಾಕು. ಮೇಲೆ ಹಾರುವ ಚಿಕ್ಕ ಕಪ್ಪು ನೊಣಗಳು ಮೇಲ್ಪದರ ಸದಾ ಒದ್ದೆಯಾಗಿದೆ ಎಂದು ಹೇಳುತ್ತವೆ. ಅವುಗಳ ಮರಿಹುಳುಗಳು ಎಳೆಬೇರನ್ನು ತಿನ್ನಬಲ್ಲವು. ಒಂದು ಅಂಗುಲ ಒಣಗುವವರೆಗೆ ನೀರು ತಡೆದು, ಅರ್ಧ ಅಂಗುಲ ಒರಟು ಮರಳು ಹರಡಿದರೆ ಅವು ಮೊಟ್ಟೆಯಿಡಲು ಜಾಗ ಸಿಗದೆ ಕಡಿಮೆಯಾಗುತ್ತವೆ.

ಕೆಟ್ಟ ಮಿಶ್ರಣವನ್ನು ಎಸೆಯುವ ಮೊದಲು

ಲವಣದಿಂದ ಕೆಟ್ಟದ್ದನ್ನು ತೊಳೆದು, ಗಾಳಿಯಿಲ್ಲದೆ ಕೆಟ್ಟದ್ದನ್ನು ಹರಡಿ ಒಣಗಿಸಿ ಕಾಲುಪಾಲು ಭತ್ತದ ಹೊಟ್ಟು ಅಥವಾ ಒರಟು ಮರಳು ಬೆರೆಸಿ, ಮಾಗದ ಗೊಬ್ಬರದಿಂದ ಕೆಟ್ಟದ್ದನ್ನು ತೇವವಾಗಿ ಎರಡು ತಿಂಗಳು ಮೂಲೆಯಲ್ಲಿಟ್ಟು ಮತ್ತೆ ಬಳಸಬಹುದು. ಸಸಿ ಕೊಳೆ ರೋಗ ಬಂದ ಮಿಶ್ರಣಕ್ಕೆ ನಮ್ಮ ಏಪ್ರಿಲ್–ಮೇ ಬಿಸಿಲೇ ಮದ್ದು: ಹದವಾಗಿ ತೇವ ಮಾಡಿ ತೆಳುವಾಗಿ ಹರಡಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಅಂಚು ಬಿಗಿಯಾಗಿ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯ ಕೆಳಗೆ ಮಣ್ಣು ಹೆಚ್ಚು ಕಾಯುತ್ತದೆ. ಇದರಿಂದ ಒಳ್ಳೆಯ ಜೀವಿಗಳೂ ಕಡಿಮೆಯಾಗುವುದರಿಂದ ಆಮೇಲೆ ಮಾಗಿದ ಕಾಂಪೋಸ್ಟ್ ಸೇರಿಸಿ. ಕಿತ್ತ ಟೊಮೆಟೊ ಅಥವಾ ಬೆಂಡೆಯ ಬೇರಿನಲ್ಲಿ, ಕೆರೆದರೂ ಬಿಡದ, ಬೇರೇ ಉಬ್ಬಿದಂಥ ಗಂಟುಗಳು ಸಾಲಾಗಿ ಕಂಡರೆ ಅದು ಜಂತುಹುಳುವಿನ (ಬೇರಿನೊಳಗೆ ಸೇರುವ ಅತಿಸಣ್ಣ ಹುಳು, ನೆಮಟೋಡ್) ಬಾಧೆ. ಆ ಮಿಶ್ರಣವನ್ನು ಬಿಸಿಲಿಗೆ ಹಾಕಿದ ಮೇಲೂ ಟೊಮೆಟೊ, ಬದನೆ, ಬೆಂಡೆಗೆ ಬಳಸದೆ ಚೆಂಡುಹೂವಿನ ಗಿಡಗಳಿಗೆ ಮೀಸಲಿಡಿ, ಬಿತ್ತನೆಯ ಟ್ರೇಗಳಿಗಂತೂ ಅದರ ಒಂದು ಹಿಡಿಯೂ ಸೇರಬಾರದು.